ಮೋಟರಿನ ಗದ್ದಲ, ಸೀರೆಯ ಹೂವು

ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಮೋಟರ್ ಪ್ಯಾನೆಲ್ ಕಟ್ಟಿಕೊಡುವುದು ನನ್ನ ಕೆಲಸ. ಒಮ್ಮೆ ಮೊಳಕಾಲ್ಮೂರಿನಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಯಂತ್ರ ಇಟ್ಟಿದ್ದವರೊಬ್ಬರು ಕರೆಸಿದರು. ಎರಡನೆಯ ಯಂತ್ರ ತರುವವರಿದ್ದರು, ಅದಕ್ಕೆ ಪ್ಯಾನೆಲ್ ಬೇಕಿತ್ತು. ಜಾಗ ಎಲ್ಲಿ ಎಂದು ಕೇಳಿದೆ. ಅದೇ ಷೆಡ್ಡಿನ ಇನ್ನೊಂದು ತುದಿಯಲ್ಲಿದ್ದ ತಮ್ಮ ಅಕ್ಕನ ಕೈಮಗ್ಗ ತೋರಿಸಿದರು.

"ಅದನ್ನ ಬೇರೆಯವ್ರಿಗೆ ಕೊಟ್ ಬಿಡ್ತೀವ್ರಿ. ಅಕ್ಕಗೆ ಕಣ್ಣು ಮಂಜಾಗೈತೆ. ಹೂವೆಲ್ಲ ತಪ್ಪಿ ಬೀಳ್ತಾವೆ."

ಅಕ್ಕ ಮಗ್ಗದಲ್ಲಿ ಕೂತು, ನೇಯ್ದದ್ದನ್ನು ಎಳೆ ಎಳೆಯಾಗಿ ಬಿಚ್ಚುತ್ತಿದ್ದರು. ಹೊಸ ಕನ್ನಡಕ ಹಾಕಿದ್ದರು. ಮಾತು ಕೇಳಿಸಿದರೂ ತಲೆ ಎತ್ತಲಿಲ್ಲ. ಮಗ್ಗದ ಮೇಲೆ, ನಕ್ಷೆ ನೋಡಿ ಎಳೆ ಎತ್ತುವ ಎಲೆಕ್ಟ್ರಾನಿಕ್ ಜಕಾರ್ಡ್ ಇತ್ತು. ಅದನ್ನು ಮಾರಿದವರು ಬಂದು, ಯಂತ್ರದಲ್ಲಿ ದೋಷವಿಲ್ಲ ಎಂದು ಹೇಳಿ ಹೋಗಿದ್ದರಂತೆ. ದೋಷ ಹೊರಲು ಉಳಿದವರು ಅಕ್ಕ ಒಬ್ಬರೇ.

"ಯಾವಾಗ್ಲೂ ಹಿಂಗೇನಾ ಅಕ್ಕಾ?" ಎಂದೆ.

"ಬೆಳಿಗ್ಗೆ ಚೆನ್ನಾಗೇ ಬರ್ತೈತಪ್ಪ. ತಮ್ಮ ಬಂದು ಮಿಷನ್ ಹಾಕೋ ಹೊತ್ತಿಗೆ ನಂಗೂ ಸುಸ್ತಾಗಿರ್ತೈತೆ. ಆಮೇಲೆ ತಪ್ತೈತೆ."

ಅವರ ಮಾತಿನಲ್ಲಿ ನಾನು ಸುಸ್ತನ್ನು ಬಿಟ್ಟು ಮಿಷನ್ನನ್ನು ಹಿಡಿದೆ. ಅದನ್ನು ನಿಲ್ಲಿಸಿ ನೇಯಲು ಹೇಳಿದಾಗ ಹೂವು ಸರಿಯಾಗಿ ಬಂತು. ಚಾಲೂ ಮಾಡಿಸಿದಾಗ ಎಸಳು ಮುರಿಯಿತು.

ಹುರಿ ಯಂತ್ರದ ಪ್ಯಾನೆಲ್ ತೆರೆದು ನೋಡಿದೆ. ಮೋಟರಿನ ವೇಗ ಹೆಚ್ಚು ಕಡಿಮೆ ಮಾಡುವ ಡ್ರೈವ್ ಕರೆಂಟನ್ನು ಕತ್ತರಿಸಿ ಕತ್ತರಿಸಿ ಕಳಿಸುತ್ತದೆ. ಅದರ ತಂತಿಯ ಮಗ್ಗುಲಲ್ಲೇ ಬೇರೆ ಯಂತ್ರದ ಸಂಕೇತದ ತಂತಿ ಹೋದರೆ ಈ ಕರೆಂಟಿನ ಗದ್ದಲ ಅದಕ್ಕೂ ತಗಲಿ ಸಂಕೇತ ಕೆಡುತ್ತದೆ. ಇಲ್ಲಿ ಮೋಟರಿನ ಸಾದಾ ಕೇಬಲ್ಲೂ ಜಕಾರ್ಡಿನ ಕೇಬಲ್ಲೂ ಒಂದೇ ಪೈಪಿನಲ್ಲಿದ್ದವು. ಡ್ರೈವಿನ ಅರ್ಥಿಂಗ್ ತಂತಿಯನ್ನು ಬಣ್ಣ ಬಳಿದ ತಗಡಿನ ಮೇಲೇ ಬಿಗಿದಿದ್ದರು. ಲೋಹಕ್ಕೆ ಲೋಹ ಮುಟ್ಟಿಯೇ ಇರಲಿಲ್ಲ.

ಮರುದಿನ ಚಳ್ಳಕೆರೆಯಿಂದ ತಾಮ್ರದ ಜಾಲರಿ ಹೊದ್ದ ಕೇಬಲ್ ಒಯ್ದೆ. ಬಣ್ಣ ಕೆರೆದು, ಮೋಟರಿನ ಕಡೆಗೂ ಡ್ರೈವಿನ ಕಡೆಗೂ ಆ ಜಾಲರಿಯನ್ನು ಸುತ್ತಲೂ ಕ್ಲಾಂಪಿನಿಂದ ಬಿಗಿದೆ. ದಪ್ಪ, ಗಿಡ್ಡ ಅರ್ಥಿಂಗ್ ತಂತಿ ಹಾಕಿದೆ. ಜಕಾರ್ಡಿನ ಕೇಬಲ್ಲನ್ನು ಎದುರು ಗೋಡೆಯ ಮೇಲೆ ತಂದೆ.

ಅಕ್ಕ ನೇಯತೊಡಗಿದರು. ಮಿಷನ್ ಜೋರು ಮಾಡು, ನಿಧಾನ ಮಾಡು ಎಂದು ತಮ್ಮನಿಗೆ ಹೇಳುತ್ತ, ಬಹಳ ಹೊತ್ತು ನೇಯ್ದರು. ಒಂದು ಎಸಳೂ ತಪ್ಪಲಿಲ್ಲ. ಅವರು ಎದ್ದು ನಿಂತರು. ನಗಲಿಲ್ಲ.

"ಏಮ್ರಾ," ಎಂದು ತಮ್ಮನನ್ನು ತೆಲುಗಿನಲ್ಲಿ ಕರೆದವರು, ನನಗೂ ತಿಳಿಯಲೆಂದೋ ಏನೋ, ಕನ್ನಡಕ್ಕೆ ಹೊರಳಿದರು. "ನನ್ ಕಣ್ಣು ಹೋಗೈತೆ ಅಂತ ಕೇರಿಗೆಲ್ಲ ಹೇಳ್ಕಂಡ್ ಬಂದ್ಯಲ್ಲ. ಈಗ ಮಗ್ಗ ಕೊಡಲ್ಲ ಅಂತ ಫೋನ್ ಮಾಡು."

ತಮ್ಮನಾದವರು ಫೋನು ಹಿಡಿದು ಬಾಗಿಲ ಕಡೆ ಸರಿದರು.

"ಹೊರಗ್ಯಾಕೆ? ಇಲ್ಲೇ ಮಾಡು, ನಂಗೂ ಕೇಳ್ಲಿ."

ಅಲ್ಲೇ ನಿಂತು ಮಾಡಿದರು. ಕೊಡುವುದಿಲ್ಲ ಎಂದರು, ಕಾರಣ ಹೇಳಲು ತಡವರಿಸಿದರು. ಅಕ್ಕ ಕಾರಣವನ್ನೂ ಹೇಳಿಸಿದರು.

ಎರಡನೆಯ ಯಂತ್ರ ಬರಲಿಲ್ಲ. ನನ್ನ ಪ್ಯಾನೆಲ್ಲೂ ಬೇಕಾಗಲಿಲ್ಲ. ನಾನು ಹತ್ಯಾರ ತುಂಬಿಕೊಳ್ಳುವಷ್ಟರಲ್ಲಿ ಅಕ್ಕ ಮತ್ತೆ ಮಗ್ಗಕ್ಕೆ ಕೂತು ಸೆರಗಿನ ಕೆಲಸ ಹಿಡಿದಿದ್ದರು.