ಹಾಗಲಕಾಯಿ ಬಿಟ್ಟ ಅಂಬಾಬಾಯಿ

ನರಗುಂದದ ಕಡೆಯ ಅಂಬಾಬಾಯಿ ಸಾಯಲೆಂದೇ ಕಾಶಿಗೆ ಬಂದು ಹನ್ನೆರಡು ವರ್ಷವಾಯಿತು. ಕೇದಾರ ಘಾಟಿನ ಲಾಡ್ಜಿನಲ್ಲಿ ಅವಳದು ನನ್ನ ಪಕ್ಕದ ಕೋಣೆ. ಸಾವು ಇನ್ನೂ ಗೋದೌಲಿಯಾ ಚೌಕದ ರಿಕ್ಷಾಗಳ ನಡುವೆ ಸಿಕ್ಕಿಕೊಂಡಿರಬೇಕು, ಅವಳಿಗಂತೂ ಅವಸರವಿರಲಿಲ್ಲ. ಕುಲ್ಹಡ್ ಎಂಬ ಮಣ್ಣಿನ ಕುಡಿಕೆಯಲ್ಲಿ ದಿನಕ್ಕೆ ಐದು ಚಹಾ ಕುಡಿದು, ಆರನೆಯದಕ್ಕೆ ನನ್ನನ್ನು ಕರೆಯುತ್ತಿದ್ದಳು.

ಕಾಶಿಗೆ ಬಂದವರು ಇಷ್ಟವಾದ ತಿನಿಸೊಂದನ್ನು ಗಂಗೆಯ ಸಾಕ್ಷಿಯಾಗಿ ಬಿಡಬೇಕು. ಅಂಬಾಬಾಯಿ ಬಿಟ್ಟದ್ದು ಹಾಗಲಕಾಯಿ. ಹುಟ್ಟಿದಾಗಿನಿಂದ ಅದನ್ನು ಬಾಯಿಗೆ ಹಾಕಿದವಳಲ್ಲ. ದೇವರಿಗೇ ಟೋಪಿ ಹಾಕಿದ್ದನ್ನು ಲಾಡ್ಜಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು. ಪೆದ್ದಿಯ ಹಾಗೆ ಮಾವಿನಹಣ್ಣು ಬಿಟ್ಟು ಕುಳಿತ ನನಗೆ ಹೊಟ್ಟೆಕಿಚ್ಚು.

ಕಳೆದ ಡಿಸೆಂಬರಿನಲ್ಲಿ ಅಮೂಲ್ಯಾ ಒಂದು ಪಂಜರ ಹೊತ್ತು ಬಂದಳು. ಮೈಸೂರಿನ ಹುಡುಗಿ, ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ, ಭಾನುವಾರ ನಮ್ಮೊಡನೆ ಕನ್ನಡ ಮಾತಾಡಲು ಬರುವವಳು. ಎರಡು ತಿಂಗಳು ಊರಿಗೆ ಹೊರಟಿದ್ದರಿಂದ ತನ್ನ ಹ್ಯಾಮ್‌ಸ್ಟರನ್ನು ಅಂಬಾಬಾಯಿಗೆ ಒಪ್ಪಿಸಿದಳು. ಅಂಗೈಯಷ್ಟು ದೊಡ್ಡದು, ಬಾಲವಿದೆಯೋ ಇಲ್ಲವೋ ಎಂಬಂಥ ಇಲಿ. ಅಂಬಾಬಾಯಿ ಅದಕ್ಕೆ ಶಾಮ ಎಂದು ಹೆಸರಿಟ್ಟಳು. ವಾರದೊಳಗೆ ಜಪಮಾಲೆ ಮೂಲೆ ಸೇರಿತು. ಶಾಮನಿಗೆ ಸೌತೆಕಾಯಿ ಹೆಚ್ಚುವುದು, ಕೆನ್ನೆಯ ಚೀಲದಲ್ಲಿ ಕಾಳು ತುಂಬಿಕೊಂಡರೆ ಸಂತರ್ಪಣೆಗೆ ಬಂದ ಆಚಾರಿ ಎಂದು ಬೈಯುವುದು, ಇದೇ ಅವಳ ಪೂಜೆಯಾಯಿತು.

ಜನವರಿಯ ಒಂದು ಬೆಳಿಗ್ಗೆ, ಮಂಜಿನಲ್ಲಿ ಗಂಗೆಯೇ ಕಾಣದಿದ್ದಾಗ, ಶಾಮ ಅಲುಗಲಿಲ್ಲ. ಮುಟ್ಟಿದರೆ ತಣ್ಣಗೆ. ಕಾಶಿಯಲ್ಲಿ ಸತ್ತಿತಲ್ಲ, ಪುಣ್ಯವಂತ ಪ್ರಾಣಿ ಎಂದೆ. ಅವಳು ನನ್ನನ್ನು ನೋಡಿದ ನೋಟ ಇನ್ನೂ ಚುಚ್ಚುತ್ತದೆ.

ಗಂಗೆಗೆ ಬಿಡಲೆಂದು ಶಾಮನನ್ನು ಶಾಲಿನೊಳಗೆ ಎದೆಗವಚಿಕೊಂಡು ಮೆಟ್ಟಿಲಿಳಿದಳು. ನೀರಿನ ಹತ್ತಿರ ಬಂದಾಗ ಕೈ ಏಳಲಿಲ್ಲ. ಅಲ್ಲೇ ಕುಳಿತು ಅರ್ಧ ಗಂಟೆ ಅತ್ತಳು. ಹಾಗಲಕಾಯಿಯ ಮೋಸಕ್ಕೆ ವಿಶ್ವನಾಥ ಸೇಡು ತೀರಿಸಿಕೊಂಡ ಎಂದಳು. ಕಡೆಗೆ ನೀರಿನತ್ತ ತಿರುಗಿ, "ಚಹಾ ಬಿಟ್ಟೆ. ಈ ಸಲ ಖರೇನ ಬಿಟ್ಟೆ. ಇವನ್ನ ಕೊಡು" ಅಂದಳು.

ಸ್ವಲ್ಪ ಹೊತ್ತಿಗೆ ಶಾಲು ಮಿಸುಕಿತು. ಶಾಮ ಮೂತಿ ಹೊರಹಾಕಿ, ಕಣ್ಣು ಪಿಳುಕಿಸಿ, ಅವಳ ಬೆರಳು ಕಚ್ಚಿದ.

ನಾನು ಅಮೂಲ್ಯಾಗೆ ಫೋನು ಮಾಡಿದೆ. ಚಳಿ ಹೆಚ್ಚಾದರೆ ಇವು ಸತ್ತಂತೆ ಮಲಗಿಬಿಡುತ್ತವೆ, ಮೈ ಬೆಚ್ಚಗಾದರೆ ಏಳುತ್ತವೆ, ಪಂಜರವನ್ನು ಕಿಟಕಿಯಿಂದ ದೂರವಿಡಿ ಎಂದಳು. ಪವಾಡವೂ ಇಲ್ಲ, ಮಣ್ಣೂ ಇಲ್ಲ, ಚಹಾ ಕುಡಿ ಎಂದು ಅಂಬಾಬಾಯಿಗೆ ಕುಲ್ಹಡ್ ಚಾಚಿದೆ. ಅವಳು ಅದರ ಹಬೆಯನ್ನೊಮ್ಮೆ ಮೂಸಿ, ನನಗೇ ವಾಪಸು ಕೊಟ್ಟಳು. ಅಂದಿನಿಂದ ಚಹಾದಂಗಡಿ ಬಂದರೆ ಎದುರು ಬದಿಗೆ ದಾಟಿ ನಡೆಯುತ್ತಾಳೆ.

ಫೆಬ್ರುವರಿಯಲ್ಲಿ ಅಮೂಲ್ಯಾ ಪಂಜರ ಒಯ್ಯಲು ಬಂದಳು. ಅಂಬಾಬಾಯಿ ಬಾಗಿಲಿಗೆ ಅಡ್ಡ ಕುಳಿತಿದ್ದಳು.

"ನೋಡವ್ವಾ, ಮನಿ ಬಿಟ್ಟೆ, ಊರು ಬಿಟ್ಟೆ, ಚಹಾನೂ ಬಿಟ್ಟೆ. ಇವನ್ನ ಬಿಡೂದಿಲ್ಲ. ಬೇಕಾದ್ರ ಹಾಗಲಕಾಯಿ ಇನ್ನೊಮ್ಮೆ ಬಿಡ್ತೀನಿ."

ಅಮೂಲ್ಯಾ ಬರಿಗೈಯಲ್ಲಿ ಹೋದಳು. ಮುಂದಿನ ಭಾನುವಾರ ಬರುವಾಗ ಸೌತೆಕಾಯಿ ತಂದಳು.