ಗುಳ್ಳೆ ಹೋಗಿ ಬೆಳಕು ಬಂದ ಬೇಸಿಗೆ

ನಮ್ಮ ಸೋಡಾ ಮಷೀನಿನ ಗುಳ್ಳೆಗಳೆಂದರೆ ಜೇವರ್ಗಿಯ ಮಂದಿಗೆಲ್ಲ ಪ್ರೀತಿ, ನನಗೊಬ್ಬಳಿಗೆ ಮೈ ಉರಿ. ಕುಡಿದು ಹೋಗುವವರಿಗೇನು, ತೊಳೆಯುವವಳು ನಾನಲ್ಲವೇ?

ಮಷೀನು ನಮ್ಮ ಮಾವ ಸೊಲ್ಲಾಪುರದಿಂದ ತಂದದ್ದು. ವಿಜಯಪುರ ರಸ್ತೆಗೆ ಮುಖ ಮಾಡಿದ ಸಣ್ಣ ಅಂಗಡಿ, ಎದುರಿಗೇ ಕಲ್ಯಾಣ ಮಂಟಪ. ಮಷೀನಿನ ಮುಂದೆ ಸಾಲಾಗಿ ನಲ್ಲಿಗಳು: ಲಿಂಬೆ, ಜೀರಿಗೆ, ಶುಂಠಿ, ಕಿತ್ತಳೆ. ಪ್ರತಿ ನಲ್ಲಿಯ ಮೇಲೆ ಮೊಳದುದ್ದದ ಪಾರದರ್ಶಕ ಕೊಳವೆ, ಅದರೊಳಗೆ ಬಣ್ಣದ ನೀರು, ನೀರಿನೊಳಗೆ ಬುಳುಬುಳು ಏರುವ ಗುಳ್ಳೆ. ಆ ನೀರಿಗೂ ಕುಡಿಯುವ ಸೋಡಾಕ್ಕೂ ಸಂಬಂಧವೇ ಇರಲಿಲ್ಲ. ಮೀನಿನ ತೊಟ್ಟಿಗೆ ಇಡುವಂಥ ಪುಟ್ಟ ಮೋಟಾರು ಗಾಳಿ ಊದುತ್ತಿತ್ತು, ಅಷ್ಟೇ. ಆದರೆ ನಮ್ಮ ಮಂದಿ ಅದನ್ನು ನೋಡದೆ ಗ್ಲಾಸು ಹಿಡಿಯುತ್ತಿರಲಿಲ್ಲ. ಮದುವೆ ಊಟದಲ್ಲಿ ಹೋಳಿಗೆ, ತುಪ್ಪ ಬಾರಿಸಿ ರಸ್ತೆ ದಾಟಿ ಬರುವರು, ಹೊಟ್ಟೆ ಸವರಿಕೊಳ್ಳುತ್ತ ಎಲ್ಲ ಕೊಳವೆಗಳನ್ನೂ ನೋಡುವರು, ಯಾವುದು ಜೋರಾಗಿ ಕುದಿಯುತ್ತಿದೆಯೋ ಅದನ್ನೇ ಕೇಳುವರು. ಜೀರಿಗೆಯ ಮೋಟಾರು ಗಟ್ಟಿ, ಹಾಗಾಗಿ ಜೀರಿಗೆಗೇ ಗಿರಾಕಿ. ಒಮ್ಮೆ ಮೋಟಾರುಗಳನ್ನು ಅದಲುಬದಲು ಮಾಡಿದೆ, ಊರಿನ ನಾಲಿಗೆಯೇ ಶುಂಠಿಯ ಕಡೆ ಹೊರಳಿತು. ನಗಬೇಕೋ ಅಳಬೇಕೋ ನೀವೇ ಹೇಳಿ.

ನಾನು ಅಂಗಡಿಗೆ ಬಂದದ್ದು ಮಾವ ತೀರಿಕೊಂಡ ಮೇಲೆ. ಗಂಡ ತೊಗರಿ ವ್ಯಾಪಾರಿಯೊಬ್ಬರ ಹತ್ತಿರ ಕೆಲಸಕ್ಕಿದ್ದರು, ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಅತ್ತೆಗೆ ಮೊಣಕಾಲು ನೋವು. ಯಾರಾದರೂ ಕೂಡಬೇಕಲ್ಲ ಎಂದು ನನ್ನನ್ನು ಕೂಡಿಸಿದರು. ಅಲ್ಲಿಯತನಕ ನನ್ನ ಲೋಕವೆಂದರೆ ಅಡುಗೆಮನೆ ಮತ್ತು ಹಿತ್ತಲು. ಮಷೀನಿನ ಹಿಂದಿನ ಸ್ಟೂಲಿನ ಮೇಲೆ ಕೂತದ್ದೇ ತಡ, ಅಫಜಲಪುರದ ಕಬ್ಬಿನ ಸುದ್ದಿ, ಆಳಂದದ ಬೀಗರ ಜಗಳ, ಎಲ್ಲವೂ ನನ್ನ ಕಿವಿಗೆ ತಾನಾಗಿ ಬರತೊಡಗಿತು. ಬಾಯಿ ಬಿಟ್ಟು ಮಾತಾಡಿದರೆ ಕೇಳುವವರಿದ್ದರು. ಖರೆ ಹೇಳುತ್ತೇನೆ, ಆ ಸ್ಟೂಲು ಬಿಟ್ಟು ಮತ್ತೆ ಮನೆಯೊಳಗೆ ಕೂಡುವುದನ್ನು ನೆನೆದರೇ ಎದೆ ಧಸ್ ಎನ್ನುತ್ತಿತ್ತು.

ಗುಳ್ಳೆಗಳ ಕಾಟ ಮಾತ್ರ ತಪ್ಪಲಿಲ್ಲ. ನಮ್ಮದು ಸವಳು ನೀರು, ಕೊಳವೆಯೊಳಗೆ ಬಿಳಿ ಪೊರೆ ಕಟ್ಟುತ್ತಿತ್ತು, ಅದರ ಮೇಲೆ ಪಾಚಿ. ತಳದ ಜೋಡಣೆಯಲ್ಲಿ ಸೋರಿಕೆ. ಒಂದು ದಿನ ಆ ಬಣ್ಣದ ನೀರು ಸಿಡಿದು ಮದುವಣಗಿತ್ತಿಯ ಅಕ್ಕನ ಇಳಕಲ್ಲು ಸೀರೆಯ ಮೇಲೆ ಬಿತ್ತು. ಆಕೆ ಬೈದದ್ದನ್ನು ಇಲ್ಲಿ ಬರೆಯಲಾರೆ. ಅವತ್ತೇ ತೀರ್ಮಾನಿಸಿದೆ: ಈ ನೀರಿನ ಸಹವಾಸ ಸಾಕು, ಕೊಳವೆ ಕಿತ್ತು ರೋಪ್ ಲೈಟು ಹಾಕಿಸುವುದು.

ಅತ್ತೆ ಒಪ್ಪಲಿಲ್ಲ. ಗುಳ್ಳೆ ಮಾವನ ಕಾಲದ್ದು, ಅದನ್ನು ಮುಟ್ಟಬಾರದು ಎಂದರು. ಅಫಜಲಪುರಕ್ಕೆ ಕೊಟ್ಟಿದ್ದ ನನ್ನ ನಾದಿನಿ ಬೇರೆ, ಮಷೀನು ತನಗೆ ಬೇಕೆಂದು ಆಗಲೇ ಕೇಳಿಟ್ಟಿದ್ದಳು. ನಾನು ಹಟ ಬಿಡದಿದ್ದಾಗ ಅತ್ತೆ ಒಂದೇ ಮಾತು ಹೇಳಿದರು.

"ನಿನ್ನ ಮನಸ್ನ್ಯಾಂಗ ಮಾಡು ಬೇ. ಆದ್ರ ಗಿರಾಕಿ ಕಡಿಮಿ ಆದ್ರ, ಲಗ್ನದ ಸೀಜನ್ ಮುಗಿಯೂದಕ್ಕ ಮಷೀನ್ ಮಗಳ ಮನಿಗಿ ಹೋಗ್ತದ. ನೀ ಮನ್ಯಾಗ ಕುಂದರು."

ಹೂಂ ಎಂದೆ.

ಆಳಂದದ ಕಡೆಯ ಎಲೆಕ್ಟ್ರಿಷಿಯನ್ ಒಬ್ಬ ಮಂಟಪಕ್ಕೆ ಲೈಟು ಕಟ್ಟಲು ಬಂದಿದ್ದ, ಅವನನ್ನೇ ಹಿಡಿದೆ. ಕೊಳವೆ ಕಿತ್ತು, ಆ ಜಾಗದಲ್ಲಿ ಹಗ್ಗದಂಥ ಬಣ್ಣದ ಲೈಟುಗಳನ್ನು ಮೇಲಿನಿಂದ ಇಳಿಬಿಟ್ಟು ಕ್ಲಿಪ್ಪು ಹೊಡೆದ. ಬೆಳಕು ಹಗ್ಗದೊಳಗೆ ಸರಸರ ಓಡುವಂಥ ಲೈಟು. ಸ್ಟೂಲಿನ ಮೇಲೆ ಕೂತ ನನಗೆ ಕಂಡದ್ದು ಗಿರಾಕಿಗಳ ಮುಖದ ಮೇಲೆ ಬೀಳುವ ಕೆಂಪು ಹಸಿರು ಮಾತ್ರ. ತೊಳೆಯುವ ಪೀಡೆ ತಪ್ಪಿತೆಂದು ನಾನು ಹಿಗ್ಗಿದೆ.

ಹಿಗ್ಗು ಮೊದಲ ಮದುವೆಗೇ ಇಳಿಯಿತು. ಮಂದಿ ರಸ್ತೆ ದಾಟಿ ಬರುವರು, ಮಷೀನು ನೋಡುವರು, ಏನೋ ಗುನುಗಿಕೊಂಡು ಪಕ್ಕದ ಕಬ್ಬಿನ ಹಾಲಿನ ಗಾಡಿಗೆ ಹೋಗುವರು. ಕುಡಿದ ನಾಲ್ಕಾರು ಮಂದಿಯೂ ಗ್ಯಾಸಿಲ್ಲ ಎಂದು ಮುಖ ಸಿಂಡರಿಸಿದರು. ಅದೇ ಸಿಲಿಂಡರು, ಅದೇ ಗ್ಯಾಸು! ಸಿಟ್ಟಿಗೆ ಗ್ಯಾಸು ಎಷ್ಟು ಏರಿಸಿದೆನೆಂದರೆ ಒಬ್ಬನ ಮೀಸೆಗೆಲ್ಲ ನೊರೆ ಹಾರಿತು. ಅವನೂ ಗ್ಯಾಸು ಕಡಿಮೆಯೆಂದೇ ಹೇಳಿದ. ಲೈಟು ಹಾಕಿಸಿದ ಮೇಲೆ ಅತ್ತೆಯೂ ದಿನಾ ಬಂದು ಅಂಗಡಿಯ ಬೆಂಚಿನ ಮೇಲೆ ಕೂತು ಎಲ್ಲ ನೋಡುತ್ತಿದ್ದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮುಂದಿನ ಮದುವೆಗಳದೂ ಅದೇ ಹಾಡು. ಕೊನೆಗೊಂದು ದಿನ ಅತ್ತೆ ಫೋನಿನಲ್ಲಿ ಮಗಳಿಗೆ ಮಷೀನು ಒಯ್ಯಲು ಟೆಂಪೋ ವಿಚಾರಿಸಲು ಹೇಳುತ್ತಿದ್ದುದು ಕಿವಿಗೆ ಬಿತ್ತು.

ಮರುದಿನ ಮಂಟಪದಲ್ಲಿ ಕರಜಗಿಯಿಂದ ಬೀಗರು ಬಂದ ಮದುವೆ. ತಲೆಗೆ ಪಟಗ ಸುತ್ತಿದ ಮುದುಕರೊಬ್ಬರು ಬಂದು ಮಷೀನಿನ ಮುಂದೆ ನಿಂತರು. ನಿಂತೇ ಇದ್ದರು. ಗ್ಲಾಸು ಬೇಡ, ಹೋಗುವುದೂ ಇಲ್ಲ. ನನಗೆ ತಡೆಯಲಾಗಲಿಲ್ಲ, ಸೋಡಾ ಏನು ಕಚ್ಚುತ್ತದೆಯೇ ಎಂದು ಕೇಳಿಯೇಬಿಟ್ಟೆ. ಅವರು ಸಿಟ್ಟಾಗಲಿಲ್ಲ.

"ಖಾಲಿ ಆಗಾಕ ಬಂದದಲ್ಲ ತಂಗಿ. ಎಲ್ಲಾ ಸರ್ರಂತ ತಳಕ್ಕ ಇಳ್ಯಾಕತ್ತದ. ತಳದ್ದು ಯಾರ್ ಕುಡಿತಾರ?"

ಎದ್ದು ಮಷೀನಿನ ಮುಂದೆ ಹೋಗಿ, ಅವರ ಪಕ್ಕದಲ್ಲಿ ನಿಂತು ನೋಡಿದೆ. ಲೈಟು ಹಾಕಿಸಿದ ಮೇಲೆ ಅದು ಹೊತ್ತಿ ಓಡುವುದನ್ನು ಮುಂದಿನಿಂದ ನಾನು ನೋಡಿಯೇ ಇರಲಿಲ್ಲ! ಎಲ್ಲ ಬಣ್ಣಗಳೂ ಮೇಲಿನಿಂದ ಕೆಳಗೆ ಓಡುತ್ತಿದ್ದವು, ಒಡೆದ ಕೊಡದ ನೀರಿನಂತೆ. ಮದುವೆ ಮಂಟಪದ ಲೈಟು ಕಟ್ಟುವವನಿಗೆ ಬೆಳಕು ಇಳಿಯುವುದೇ ರೂಢಿ. ಗುಳ್ಳೆ ಏರುವುದನ್ನು ನೋಡಿ ನೋಡಿ ಸೋಡಾ ಕುಡಿದ ನಮ್ಮ ಮಂದಿಗೆ ಅದು ಬರಿದಾಗುತ್ತಿರುವ ಮಷೀನು. ನನಗೆ ನಗು ಉಕ್ಕಿತು. ಕಣ್ಣಲ್ಲಿ ನೀರು ಬರುವತನಕ ನಕ್ಕೆ. ಮುದುಕರು ಗಾಬರಿಯಾಗಿ ಪಟಗ ಸರಿಮಾಡಿಕೊಂಡರು.

ಅವರನ್ನು ಬೆಂಚಿನ ಮೇಲೆ ಕೂಡಿಸಿ, ಸ್ವಿಚ್ಚು ಆರಿಸಿ, ಕ್ಲಿಪ್ಪು ಕಿತ್ತೆ. ಪ್ರತಿ ಹಗ್ಗವನ್ನೂ ತಲೆಕೆಳಗು ಮಾಡಿ, ವೈರಿನ ತುದಿ ಕೆಳಗೆ ಬರುವಂತೆ ತಿರುಗಿಸಿದೆ. ಕೈ ಸಾಲದೆ ಒದ್ದಾಡುವಾಗ ಪಕ್ಕದಿಂದ ಯಾರೋ ಹಗ್ಗದ ಇನ್ನೊಂದು ತುದಿ ಹಿಡಿದರು. ನೋಡಿದರೆ ಅತ್ತೆ. ಬೆಳಕು ಇಳಿಯುವುದು ಅವರಿಗೆ ಮೊದಲೇ ಕಂಡಿತ್ತೋ ಏನೋ, ಇವತ್ತಿಗೂ ನಾನು ಕೇಳಿಲ್ಲ.

ಸ್ವಿಚ್ಚು ಹಾಕಿದೆ. ಬೆಳಕು ತಳದಿಂದ ಚಿಮ್ಮಿ ಮೇಲಕ್ಕೆ ಓಡಿತು. ಮುದುಕರು ಜೀರಿಗೆ ಸೋಡಾ ಕೇಳಿ ಕುಡಿದು, ತೇಗಿ, ಈಗ ಬಂತು ನೋಡು ಗ್ಯಾಸು ಎಂದು ತೃಪ್ತಿಯಿಂದ ತಲೆಯಾಡಿಸಿದರು. ಅದೇ ಗ್ಯಾಸು, ನನ್ನಾಣೆ! ಹೋದವರು ಅರ್ಧ ದಿಬ್ಬಣವನ್ನೇ ಕರೆತಂದರು. ಗ್ಲಾಸು ತೊಳೆಯಲು ಪುರಸೊತ್ತಿಲ್ಲ, ಅಷ್ಟು ಮಂದಿ.

ಆ ಗದ್ದಲದ ನಡುವೆಯೇ ಅಫಜಲಪುರದಿಂದ ನಾದಿನಿಯ ಫೋನು. ಟೆಂಪೋ ಗೊತ್ತು ಮಾಡಿದ್ದಾಳಂತೆ. ಅತ್ತೆ ಬೆಂಚಿನ ಮೇಲಿಂದಲೇ, ಎಲ್ಲರಿಗೂ ಕೇಳುವಂತೆ ಹೇಳಿದರು.

"ಟೆಂಪೋ ಬ್ಯಾಡ ಅಂತ ಹೇಳ್ಬಿಡು ಯವ್ವಾ. ಮಷೀನ್ ಏನು, ಸೊಲ್ಲಾಪುರದಾಗ ಬೇಕಾದಷ್ಟು ಸಿಗ್ತಾವ. ಇದರ ಹಿಂದ ಕುಂದ್ರಾಕ ನನ್ನ ಸೊಸಿಯಂಥಾಕಿ ಬೇಕಲ್ಲ, ಆಕಿನ್ನ ಎಲ್ಲಿಂದ ತರ್ತಿ?"

ಮದುವೆಯಾಗಿ ಬಂದಾಗಿನಿಂದ ಅವರ ಬಾಯಲ್ಲಿ ನಾನು ಬರೀ 'ಆಕಿ'. ನನ್ನ ಸೊಸೆ ಎಂದದ್ದನ್ನು ಕೇಳಿದ್ದು ಅವತ್ತೇ ಮೊದಲು. ತುಂಬಿದ ಗ್ಲಾಸು ಕೈಯಲ್ಲಿ ಹಿಡಿದುಕೊಂಡೇ, ಕರಜಗಿಯ ಬೀಗರೆಲ್ಲರ ಎದುರಿಗೆ, ಗಳಗಳ ಅತ್ತುಬಿಟ್ಟೆ.