ಜಪಾನ್ ಗಿಟಾರು, ಮಾವನ ಎಡಗೈ

ಹಳೇ ಜಪಾನ್ ಗಿಟಾರ್ ಬಗ್ಗೆ ಬಾಯ್ ಚಪ್ಪರಿಸ್ಕೊಂಡು ಮಾತಾಡೋರ್ನ ಕಂಡ್ರೆ ನಂಗೆ ಮೈ ಉರೀತದೆ. ಚೆನ್ನೈಲಿ ಇಂಥೋರ್ದು ಒಂದು ಗುಂಪೇ ಅದೆ. ಫೋನಲ್ಲಿ ಫೋಟೋ ಹಾಕ್ತಾರೆ. ಮರ ಯಾವ್ದು, ಬಣ್ಣ ಯಾವ್ದು, ಸ್ಕ್ರೂ ಯಾವ ಕಾಲದ್ದು ಅಂತ ಕಿತ್ತಾಡ್ತಾರೆ. ಒಬ್ಬನೂ ಅದ್ರಲ್ಲಿ ಒಂದು ಹಾಡು ನೆಟ್ಟಗೆ ಬಾರ್ಸಲ್ಲ.

ವಿಷ್ಯ ಇಷ್ಟೇ. ಅಮೆರಿಕದಲ್ಲಿ ಎರಡು ಮೂರು ಥರದ ಎಲೆಕ್ಟ್ರಿಕ್ ಗಿಟಾರ್ ಭಾರೀ ಹೆಸರು ಮಾಡಿದ್ವು. ನಮ್ಮಪ್ಪ ಚಡ್ಡಿ ಹಾಕೋ ಕಾಲದಲ್ಲಿ ಜಪಾನ್‌ನೋರು ಅವನ್ನ ನೋಡಿ ಹಂಗೇ ಮಾಡಿ ಮಾರಿದ್ರು. ಆವಾಗ ಎಲ್ರೂ ಉಗಿದ್ರು. ಡೂಪ್ಲಿಕೇಟು, ಆಟದ ಸಾಮಾನು ಅಂದ್ರು. ಆಮೇಲೆ ಯಾವನೋ ಒಬ್ಬ, ಅಸಲಿಗಿಂತ ಇದೇ ಚೆನ್ನಾಗದೆ ಅಂದ. ಅಷ್ಟೇ, ಎಲ್ರೂ ಶುರು ಹಚ್ಕೊಂಡ್ರು. ಇದ್ರ ಸೌಂಡಿಗೆ ಹೆದ್ರಿ ಅಮೆರಿಕದೋರು ಕೋರ್ಟಿಗೆ ಹೋದ್ರು ಅಂತ ಕತೆ ಬೇರೆ. ಅವ್ರು ಕೋರ್ಟಿಗೆ ಹೋಗಿದ್ದು ಗಿಟಾರ್ ತಲೆ ಆಕಾರದ ಜಗಳಕ್ಕೆ. ಸೌಂಡಿಗೂ ಅದಕ್ಕೂ ಏನ್ ಸಂಬಂಧ? ಹೇಳಿದ್ರೆ ಕೇಳೋರ್ಯಾರು. ಜಪಾನ್‌ನೋರು ಒಳ್ಳೇವೂ ಮಾಡವ್ರೆ, ಪ್ಲೈವುಡ್ಡಲ್ಲಿ ದರಿದ್ರದವೂ ಮಾಡವ್ರೆ. ಈಗ ಎಲ್ಲಾನೂ ದೇವರ ಪಟದ ಪಕ್ಕ ಇಡ್ತಾರೆ.

ಅಂಥದ್ದು ನಮ್ಮನೇಲೂ ಒಂದಿತ್ತು. ಈಗ್ಲೂ ಅದೆ. ನನ್ನ ಸೋದರಮಾವಂದು.

ನಮ್ದು ಮಂಡ್ಯ ಕಡೆ. ಮೊದ್ಲು ಮದ್ರಾಸಿಗೆ ಬಂದೋನು ಮಾವ. ಅವನ ಹಿಂದೆ ಅಮ್ಮ ಅಪ್ಪ ಬಂದ್ರು. ಅಪ್ಪ ಎಣ್ಣೂರಲ್ಲಿ ಕ್ಯಾಂಟೀನ್ ಅಡುಗೆ. ನಾನು ಒಂಬತ್ತನೇ ಕ್ಲಾಸಿಗೆ ಸ್ಕೂಲ್ ಬಿಟ್ಟೆ, ಈಗ ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸ್ತೀನಿ. ಕಲಿಸಿದ್ದು ಮಾವ. ಮದುವೆ ಮಾಡ್ಕೊಳ್ಲಿಲ್ಲ ಅವ್ನು, ನಮ್ಮನೇಲೇ ಇರೋದು.

ಆ ಗಿಟಾರು ಹಡಗಲ್ಲಿ ಕೆಲಸ ಮಾಡ್ತಿದ್ದ ಒಬ್ಬ ಮಾವಂಗೆ ಕೊಟ್ಟಿದ್ದು. ಎರಡು ಕೊಂಬು, ತಂತಿ ಕೆಳಗೆ ಸೌಂಡ್ ಹಿಡಿಯೋ ಪಿಕಪ್ಪು ಮೂರು. ಬಿಳಿ ಇದ್ದಿದ್ದು ಹಳೇ ಹಲ್ಲಿನ ಬಣ್ಣಕ್ಕೆ ಬಂದದೆ. ತಲೆ ಮೇಲಿನ ಹೆಸರು ಅರ್ಧ ಅಳಿಸೋಗದೆ. ಮಂಟಪದಲ್ಲಿ ಸೀರಿಯಲ್ ಲೈಟ್ ಹಾಕಿದ್ರೆ ಸಾಕು, ಗುಂಯ್ ಅಂತದೆ. ಮಾವನ ಕಾಲದ ಆರ್ಕೆಸ್ಟ್ರಾದೋರು ಅದನ್ನ ನೋಡಿ ನಗೋರಂತೆ. ‘ಡೂಪ್ಲಿಕೇಟ್ ಬಂದ ನೋಡ್ರೋ’ ಅನ್ನೋರಂತೆ. ಮಾವನ್ನೇ ಹಂಗೆ ಕರೆಯೋರು.

ಅದ್ರಲ್ಲಿ ಒಂದು ವಿಶೇಷ ಇತ್ತು. ಗಿಟಾರ್ ಕತ್ತು, ಅಂದ್ರೆ ನೆಕ್ಕಿನ ಮೇಲೆ ಅಡ್ಡಡ್ಡಕ್ಕೆ ಲೋಹದ ಪಟ್ಟಿ ಇರ್ತವಲ್ಲ, ಫ್ರೆಟ್ಟು, ಅವುಗಳ ಮಧ್ಯದ ಮರಾನ ಮಾವ ಕೆರೆದು ಕೆರೆದು ಹಳ್ಳ ಮಾಡಿದ್ದ. ತಂತಿ ಒತ್ತಿದ್ರೆ ಬೆರಳು ಮರಕ್ಕೆ ತಾಗಲ್ಲ. ವೀಣೆ ಮೇಲೆ ಮಾಡ್ದಂಗೆ ಒತ್ತಿ ಎಳೆದು ಸ್ವರಾನ ಅಲ್ಲಾಡಿಸ್ಬೋದು. ಗಮಕ ಅಂತಾರಲ್ಲ, ಅದು. ಈ ಊರಲ್ಲಿ ಗಿಟಾರಲ್ಲಿ ಸಂಗೀತ ಕಚೇರಿ ಮಾಡೋರು ಹಂಗೆ ಮಾಡ್ಕೊತಾರೆ. ಮಾವನ್ನ ಯಾವ ಸಂಗೀತ ಸಭಾದೋರೂ ಒಳಕ್ಕೆ ಬಿಡ್ಲಿಲ್ಲ. ಗುಡಿ ಉತ್ಸವ, ಮದುವೆ, ಅಷ್ಟೇ.

ಆಮೇಲೆ ಸ್ಟ್ರೋಕ್ ಆಯ್ತು. ಬಲಗೈ ಬಲಗಾಲು ಹೋಯ್ತು, ಬಾಯಿ ಸೊಟ್ಟಗಾಯ್ತು. ಎಡಗೈ ಮಾತ್ರ ಉಳೀತು.

ಅವತ್ತಿಂದ ನಮ್ಮನೇಲಿ ಒಂದು ರೂಢಿ. ಸಂಜೆ ಕಾಫಿ ಆದ್ಮೇಲೆ ಗಿಟಾರ್ ತಂದು ಮಾವನ ತೊಡೆ ಮೇಲೆ ಇಡ್ತೀನಿ. ಅವನ ಬಲಗಡೆ ಅಂಟ್ಕೊಂಡು ಕೂರ್ತೀನಿ. ಅವ್ನು ಎಡಗೈಲಿ ಒತ್ತಾನೆ, ನಾನು ಬಲಗೈಲಿ ಮೀಟ್ತೀನಿ. ಒಂದು ಗಿಟಾರು, ಇಬ್ರು. ಮಾತು ನೆಟ್ಟಗೆ ಬರ್ದಿರೋ ಮನುಷ್ಯನ ಬೆರಳು ಹಳ್ಳದಿಂದ ಹಳ್ಳಕ್ಕೆ ತಾನೇ ಹೋಗ್ತದೆ, ಕಣ್ಣು ಮುಚ್ಚಿದ್ರೂ ಹೋಗ್ತದೆ.

ಅಮ್ಮ ಅಡುಗೆಮನೆಯಿಂದ ಅಂತಾಳೆ, “ಅಣ್ಣಂಗೆ ಒಂದು ಕೈಯಿಲ್ಲ, ನಿಂಗೆ ತಲೆಯಿಲ್ಲ. ಸರಿಹೋಯ್ತು ಜೋಡಿ.”

ದಿನದಲ್ಲಿ ಮಾವಂಗೆ ಇರೋದು ಅದೊಂದೇ ಹೊತ್ತು. ಉಳಿದಿದ್ದೆಲ್ಲ ಹಾಸಿಗೆ, ಮಾತ್ರೆ, ಸೀಲಿಂಗ್ ಫ್ಯಾನು.

ಇಂಥದ್ದಕ್ಕೆ ಕೈ ಹಾಕ್ದ ಅಣ್ಣಾ ನಗರ್‌ನ ಒಬ್ಬ ದೊಡ್ಡ ಮನುಷ್ಯ, ನಾನು ಸಾರ್ ಅಂತಿದ್ದೋನು.

ಅಣ್ಣಾ ನಗರ್‌ನಲ್ಲಿ ಒಂದು ಮದುವೆ. ನಾನು ಮಾವನ ಗಿಟಾರೇ ತಗೊಂಡು ಹೋಗಿದ್ದೆ, ನಮ್ಮ ಪ್ರೋಗ್ರಾಂ ಮುಗೀತು. ಎಲ್ಲಾ ಊಟಕ್ಕೆ ಎದ್ರು, ಈ ಮನುಷ್ಯ ಸೀದಾ ಸ್ಟೇಜಿಗೆ ಬಂದ. ಬಾರಿಸುವಾಗ ಒಂದು ಸಲಾನೂ ಈ ಕಡೆ ತಿರುಗಿರ್ಲಿಲ್ಲ, ನೋಡಿದ್ದೆ. ಬಂದೋನೇ ಗಿಟಾರ್ ತಿರುಗಿಸಿ ಬೆನ್ನ ಮೇಲಿನ ನಂಬರ್ ತಗಡು ನೋಡ್ದ. ಕೇಬಲ್ ಸಿಕ್ಕಾಕ್ಕೊಂಡು ನಾನು ಕನ್ನಡದಲ್ಲಿ ಬೈಯ್ತಿದ್ದೆ.

“ಓ, ಕನ್ನಡವಾ! ಹೇಳ್ಬೇಕಲ್ಲಪ್ಪಾ,” ಅಂದ. ತಾತನ ಕಾಲದಿಂದ ಮದ್ರಾಸಲ್ಲೇ ಇರೋ ಕನ್ನಡದೋರಂತೆ, ಮಾತಿಗೊಂದು ತಮಿಳು ಬೆರೆಸ್ತಿದ್ದ. ದೊಡ್ಡ ಆಫೀಸರಾಗಿದ್ದು ರಿಟೈರ್ ಆಗವ್ರಂತೆ. “ತಂಬಿ, ಇದು ಏನು ಗಿಟಾರ್ ತಿಳಿದಿದ್ಯಾ ನಿಂಗೆ? ರೊಂಬ ಅಪರೂಪ ಪಾ. ಅಯ್ಯೋ, ಈ ನೆಕ್ ಯಾವ ಮುಟ್ಟಾಳ ಹೀಗೆ ಕೆರೆದು ಇಟ್ಟಿದ್ದಾನೆ? ಕೊಲೆ ಡಾ ಇದು!”

“ನಮ್ಮಾವ ಸಾರ್.”

“ಓ. ಸರಿ ಸರಿ. ಪಾವಂ, ಪಾಪ, ತಿಳೀದೆ ಮಾಡಿದ್ದಾರೆ.”

ನಂಗೆ ಅಲ್ಲೇ ಕೈ ತುರಿಸ್ತು. ಆದ್ರೆ ಫ್ರೆಟ್ಟು ಸವೆದು ಐದನೇದರ ಹತ್ರ ತಂತಿ ಜರ್ ಜರ್ ಅಂತಿತ್ತು. ಮಾವ ಅಲ್ಲಿ ಒತ್ತಿದಾಗೆಲ್ಲ ಮುಖ ಕಿವಿಚ್ತಿದ್ದ. ಅದನ್ನ ಹೇಳ್ದೆ.

“ನನ್ನ ಹತ್ರ ಬಿಟ್ಟು ಹೋಗು,” ಅಂದ ಸಾರು. “ನಮ್ಮ ಆಳು ಇದ್ದಾನೆ, ಸರಿ ಮಾಡ್ಸಿ ಕಳಿಸ್ತೀನಿ. ಕಾಸು ಗೀಸು ಒಂದೂ ಬೇಡ. ಇಂಥಾ ಗಿಟಾರ್ ಈ ಸ್ಥಿತೀಲಿ ನೋಡೋಕೆ ಆಗಲ್ಲಪ್ಪಾ ನಂಗೆ.”

“ಫ್ರೆಟ್ ಒಂದೇ ಸಾರ್. ಬೇರೆ ಏನೂ ಮುಟ್ಬೇಡಿ.”

“ಆಯ್ತು ಪಾ, ಆಯ್ತು.”

ಗಿಟಾರ್ ಹೋದ್ಮೇಲೆ ಸಂಜೆ ಹೊತ್ತು ಮಾವನ್ನ ನೋಡೋಕೆ ಆಗ್ತಿರ್ಲಿಲ್ಲ. ಕಾಫಿ ಕುಡೀತಿದ್ದ. ಆಮೇಲೆ ಎಡಗೈ ಹೊದಿಕೆ ಮೇಲೆ ಒತ್ತಾ ಕೂರ್ತಿದ್ದ. ಹೊದಿಕೇಲಿ ಏನ್ ಹಳ್ಳ? ಅಮ್ಮ ಬೈತಿದ್ಲು ನಂಗೆ, “ಇದ್ದಿದ್ದೊಂದು ಆಟದ ಸಾಮಾನು, ಅದ್ನೂ ಯಾರಿಗೋ ಕೊಟ್ಟು ಬಂದೆ.”

ಕೊನೆಗೆ ಒಂದು ದಿನ ಡೆಲಿವರಿ ಬೈಕಲ್ಲಿ ಬಂತು. ಹೊಸ ಕರೀ ಪೆಟ್ಟಿಗೆ, ಒಳಗೆ ಮೆತ್ತಗಿನ ಬಟ್ಟೆ. ಮಾವನ ಮುಂದೇನೇ ತೆಗೆದೆ. ಪಳಪಳ ಅಂತಿತ್ತು. ನಂಗೆ ಒಂದು ಕ್ಷಣ ಏನಾಗದೆ ಅಂತಾನೇ ಗೊತ್ತಾಗ್ಲಿಲ್ಲ. ಕೈಯಾಡಿಸ್ದೆ. ನೆಕ್ಕು ಚಪ್ಪಟೆ. ಒಂದು ಹಳ್ಳ ಇಲ್ಲ. ಇಡೀ ನೆಕ್ಕೇ ಬೇರೆ.

ಅಷ್ಟರಲ್ಲಿ ಮಾವ ಕೈ ಚಾಚಿದ್ದ. ತೊಡೆ ಮೇಲೆ ಇಟ್ಟೆ, ಬೇರೆ ಏನ್ ಮಾಡ್ಲಿ. ಒತ್ದ. ಎಳೆದ. ಬೆರಳು ಮರದ ಮೇಲೆ ಜಾರ್ತು. ಇನ್ನೊಂದು ಸಲ ಒತ್ದ. ಆಮೇಲೆ ಕೈ ತೆಗೆದು ಎದೆ ಮೇಲೆ ಇಟ್ಕೊಂಡ.

“ಇದಲ್ಲ,” ಅಂದ. ಗೋಡೆ ಕಡೆ ತಿರುಗಿಬಿಟ್ಟ. ಮಾರನೇ ದಿನ ಗಿಟಾರ್ ತಂದ್ರೆ ಬೇಡ ಅಂತ ಕೈಯಾಡಿಸ್ದ. ಅದ್ರ ಮಾರನೇ ದಿನ ಕಾಫೀನೂ ಬೇಡ ಅಂದ.

ನಾನು ಫೋನ್ ಹಚ್ದೆ. “ಸಾರ್, ಹಳೇ ನೆಕ್ ಎಲ್ಲಿ?”

“ಏನಪ್ಪಾ, ಒಂದು ಥ್ಯಾಂಕ್ಸ್ ಇಲ್ವಾ? ಅದೇ ಕಾಲದ, ಅದೇ ಫ್ಯಾಕ್ಟರಿ ನೆಕ್ ಹುಡುಕಿ ಹುಡುಕಿ ಹಾಕ್ಸಿದ್ದೀನಿ. ಈಗ ಅದು ಒರಿಜಿನಲ್ ಆಯ್ತು.”

“ಡೂಪ್ಲಿಕೇಟ್ ಗಿಟಾರಲ್ವಾ ಸಾರ್ ಇದು? ಇದ್ರಲ್ಲಿ ಒರಿಜಿನಲ್ ಎಲ್ಲಿಂದ ಬಂತು?”

“ನಿಂಗೆ ಅರ್ಥ ಆಗಲ್ಲ ಬಿಡು.”

“ಹಳೇದು ಎಲ್ಲಿ ಅಂತ ಹೇಳಿ.”

“ಇಲ್ಲೇ ಇದೆ. ಸೌದೆ ಡಾ ಅದು.”

ಗಿಟಾರ್ ಬೆನ್ನಿಗೆ ಹಾಕ್ಕೊಂಡು ಬೈಕ್ ಹತ್ತಿದೆ. ಎಣ್ಣೂರ್ ರೋಡಲ್ಲಿ ಕಂಟೇನರ್ ಲಾರಿ ಸಾಲು, ಹಾರುಬೂದಿ, ಬಿಸಿಲು. ದಾರಿ ಪೂರ್ತಿ ಆ ಮನುಷ್ಯಂಗೆ ಏನೇನ್ ಅನ್ಬೇಕು ಅಂತ ಜೋಡಿಸ್ಕೊಂಡು ಹೋದೆ. ಬರೆಯೋಕಾಗಲ್ಲ ಅವನ್ನ.

ಸಾರ್ ಮನೇಲಿ ಗಿಟಾರಿಗೇ ಒಂದು ರೂಮು, ಅದಕ್ಕೆ ಏಸಿ. ನಮ್ಮಾವಂಗೆ ಇರೋದು ಫ್ಯಾನು. ಗೋಡೆ ತುಂಬಾ ಗಿಟಾರ್ ನೇತಾಕವ್ರೆ, ಒಂದ್ರಲ್ಲೂ ಬೆರಳಿನ ಕೊಳೆ ಇಲ್ಲ. ಶೋಳಿಂಗನಲ್ಲೂರ್ ಐಟಿ ಆಫೀಸಿಂದ ಇದೇ ಹುಚ್ಚಿನೋರು ಇಬ್ರು ಬಂದಿದ್ರು, ಕತ್ತಲ್ಲಿ ಐಡಿ ಕಾರ್ಡು ಹಂಗೇ ಇತ್ತು. ಬಾಗ್ಲ ಪಕ್ಕ ಒಂದು ಮೊಳೆ. ಮೊಳೇಲಿ ಮಾವನ ನೆಕ್ಕು. ಅದ್ರ ಕೆಳಗೆ ದಪ್ಪ ರಟ್ಟಿನ ಚೀಟಿ. ಇಂಗ್ಲಿಷಲ್ಲಿತ್ತು, ಕೂಡಿಸ್ಕೊಂಡು ಓದಿದೆ. ಯಾರೂ ಹಿಂಗೆ ಮಾಡ್ಬೇಡಿ ಅಂತ.

ಇಬ್ರಲ್ಲಿ ಒಬ್ಬ ಅದನ್ನ ತೋರಿಸಿ, “ಎಲಿ ಕಡಿಚ್ಚುದಾ ಸಾರ್?” ಅಂದ. ಇಲಿ ಕಚ್ತಾ ಅಂತ. ಮೂರೂ ಜನ ನಕ್ರು.

ನಾನು ಮೊಳೆಯಿಂದ ನೆಕ್ ತಗೊಂಡೆ. ಚೀಟೀನೂ ಕಿತ್ಕೊಂಡೆ. ಅಲ್ಲೇ ನೆಲದ ಮೇಲೆ ಕೂತು ಜೇಬಿಂದ ಸ್ಕ್ರೂಡ್ರೈವರ್ ತೆಗೆದೆ.

“ಏಯ್, ಏನ್ ಮಾಡ್ತಿದ್ದೀಯ? ತಂಬಿ, ಬೇಡ ಡಾ! ಅಂಥಾ ನೆಕ್ ಮತ್ತೆ ಸಿಗಲ್ಲ!”

“ನಿಮ್ಮನೇಲೇ ಇಟ್ಕೊಳ್ಳಿ. ಪೂಜೆ ಮಾಡಿ.”

ಇಂಥಾ ಗಿಟಾರಲ್ಲಿ ನೆಕ್ಕನ್ನ ಬಾಡಿಗೆ ಸ್ಕ್ರೂ ಹಾಕಿ ಕೂರ್ಸಿರ್ತಾರೆ ಅಷ್ಟೇ, ಬಿಚ್ಚೋದು ಕಷ್ಟ ಇಲ್ಲ. ಆದ್ರೆ ಮಾವನ ನೆಕ್ ಇಟ್ರೆ ಲೊಡಲೊಡ ಅಂತು. ನೋಡ್ತೀನಿ, ಆ ಹೊಸಾ ನೆಕ್ ಕೂರ್ಲಿ ಅಂತ ಬಾಡಿ ಗೂಡನ್ನ ಅರ ಹಾಕಿ ಉಜ್ಜಿ ಅಗಲ ಮಾಡವ್ರೆ. ಅದೇ ಕಾಲದ್ದಂತೆ, ಅದೇ ಫ್ಯಾಕ್ಟರಿಯಂತೆ!

“ಇದೇನಾ ಸಾರ್ ಒರಿಜಿನಲ್ಲು? ಗೂಡಿಗೇ ಕೂರ್ದಿರೋದು?”

ಆ ಇಬ್ರು ಗೋಡೆ ನೋಡ್ಕೊಂಡು ನಿಂತ್ರು. ಸಾರು ಕನ್ನಡಕ ತೆಗೆದು ಒರಸ್ಕೊಂಡ. ನಾನು ಆ ರಟ್ಟಿನ ಚೀಟೀನ ಮಡಚಿ ಮಡಚಿ ಸಂದಿಗೆ ತುರುಕ್ದೆ. ಬಿಗಿಯಾಯ್ತು. ಸ್ಕ್ರೂ ಹಾಕ್ದೆ, ತಂತಿ ಏರಿಸ್ದೆ. ಸರಿ ಅದ್ಯಾ ಅಂತ ನೋಡೋಕೆ ಒಂದು ತಂತಿ ಎಳೆದೆ, ಸ್ವರ ವೀಣೆ ಥರ ಓಲಾಡ್ತು.

ಸಾರ್ ಮುಖ ಬದಲಾಯ್ತು. “ಕೊಂಚ ಇರು. ನಿಮ್ಮ ಮಾವ ಕರ್ನಾಟಿಕ್ ಬಾರಿಸ್ತಿದ್ರಾ? ಮೊದ್ಲೇ ಹೇಳ್ಬೇಕಲ್ಲಪ್ಪಾ! ಅದು ಬೇರೆ ವಿಷಯ. ಜಪಾನ್ ಗಿಟಾರು, ಗಮಕಕ್ಕೆ ಅಂತ ಕೆತ್ತಿದ ನೆಕ್ಕು, ಇದು ಎಲ್ಲೂ ಇರಲ್ಲ. ಒಂದು ವಿಡಿಯೋ ಮಾಡೋಣ. ನಾನೇ ಮನೇಗೆ ಬರ್ತೀನಿ, ಮಾವನ್ನ ಕೂರ್ಸಿ...”

ಈಗ ತಾನೇ ಸೌದೆ ಆಗಿತ್ತು. ಅಷ್ಟು ಬೇಗ ಅಪರೂಪ ಆಗೋಯ್ತು. ಇವ್ರ ಮಾತಿಗೆ ಇಷ್ಟೇ ಬೆಲೆ.

“ನಮ್ಮನೆ ಕಡೆ ತಲೆ ಹಾಕ್ಬೇಡಿ ಸಾರ್,” ಅಂದೆ. ದಾರೀಲಿ ಜೋಡಿಸ್ಕೊಂಡಿದ್ದು ಒಂದೂ ಬಾಯಿಗೆ ಬರ್ಲಿಲ್ಲ. ಪೆಟ್ಟಿಗೇನೂ ಅಲ್ಲೇ ಬಿಟ್ಟು ಬಂದೆ.

ಮನೆಗೆ ಬಂದಾಗ ಸಂಜೆ ಆಗಿತ್ತು. ಮಾವ ಗೋಡೆ ಕಡೆ ತಿರುಗೇ ಇದ್ದ. ಅಮ್ಮ ಅವನ ಬೆನ್ನಿಗೆ ದಿಂಬು ಕೊಟ್ಟು ಕೂರ್ಸಿದ್ಲು. ಗಿಟಾರ್ ತೊಡೆ ಮೇಲೆ ಇಟ್ಟೆ. ಬೇಡ ಅನ್ನೋಕೆ ಅಂತಾನೇ ಎಡಗೈ ಎತ್ದ, ಅದು ನೆಕ್ಕಿಗೆ ತಗುಲ್ತು. ಹೆಬ್ಬೆರಳು ಹಿಂದಕ್ಕೆ ಹೋಯ್ತು. ಒಂದು ಬೆರಳು ಹಳ್ಳಕ್ಕೆ ಇಳೀತು. ಆಮೇಲೆ ಇನ್ನೊಂದು.

“ಲೇ,” ಅಂದ. “ಕಾಫಿ.”

ಅಮ್ಮ ಓಡಿದ್ಲು. ನಾನು ಪಕ್ಕ ಕೂತು ಎಲ್ಲಾ ಹೇಳ್ದೆ. ಮೊಳೆ, ಚೀಟಿ, ಇಲಿ, ವಿಡಿಯೋ. ಗಮಕಕ್ಕೆ ಅಂತ ಕೆತ್ತಿದ್ದು ಅಂದ ತಕ್ಷಣ ಆ ಮನುಷ್ಯ ಬಾಯ್ ಬಿಟ್ಟಿದ್ದೂ ಹೇಳ್ದೆ. ಮಾವನ ಸೊಟ್ಟ ಬಾಯಿ ಇನ್ನೂ ಸೊಟ್ಟ ಆಯ್ತು. ನಗು ಅದು.

“ಗಮಕಕ್ಕಲ್ಲ,” ಅಂದ. ಒಂದೊಂದೇ ಮಾತು ಎಳೆದು ಎಳೆದು ಹೇಳ್ದ. “ಫ್ರೆಟ್ ಸವೆದಿತ್ತು. ಹೊಸಾದು... ಸಿಗ್ತಿರ್ಲಿಲ್ಲ ಇಲ್ಲಿ. ಬೆರಳು ಮರಕ್ಕೆ ತಾಗ್ತಿತ್ತು. ಅದ್ಕೆ ಕೆರೆದೆ. ಕೆರೆದ್ಮೇಲೆ... ಗಮಕ ಬಂತು.”

“ಮತ್ತೆ ಯಾಕೆ ಹೇಳ್ಲಿಲ್ಲ ಇಷ್ಟು ದಿನ?”

“ಕೇಳ್ಲಿಲ್ಲ ನೀನು.” ಉಸಿರು ಎಳ್ಕೊಂಡ. “ಕೆಟ್ಟ ಗಿಟಾರ್ ಕಣ್ಲಾ ಇದು. ಮೊದ್ಲಿಂದ್ಲೂ.”

ಹಂಗಂದು, ಇನ್ನೂ ಸವೆದೇ ಇದ್ದ ಐದನೇ ಫ್ರೆಟ್ ಹತ್ರ ಬೆರಳು ಇಟ್ಟು ಒತ್ದ. ನಾನು ಅವ್ನ ಮುಖ ನೋಡ್ತಾ ಕೂತೆ.

“ಬಾರ್ಸ್ಲಾ,” ಅಂದ.

ಮೀಟಿದೆ. ಜರ್ ಅಂತು. ಮುಖ ಕಿವಿಚ್ಕೊಂಡ, ಬೆರಳು ತೆಗೀಲಿಲ್ಲ.